ಗುಜರಿ ಗೇರ್‌ಬಾಕ್ಸ್ ಕೆಡೋದು ಗುಜರಿಯಲ್ಲಲ್ಲ

ಗುಜರಿಯಿಂದ ಗೇರ್‌ಬಾಕ್ಸ್ ತಂದು ಹಾಕ್ತೀನಿ ಅಂದ್ರೆ ಸಾಕು, "ಅದು ಲಾಟರಿ ಕಣಯ್ಯ" ಅನ್ನೋರೇ ಎಲ್ಲ. ನನ್ನ ವಾದ ಬೇರೆ. ಹೀಗೆ ಮಾಡಿ ಕೈ ಸುಟ್ಟುಕೊಂಡವರಲ್ಲಿ ಬಹಳ ಮಂದಿ ಕೆಟ್ಟ ಮಾಲು ತಂದವರಲ್ಲ, ಚೆನ್ನಾಗಿದ್ದ ಮಾಲನ್ನೇ ಕೂರಿಸುವಾಗ ಕೆಡಿಸಿಕೊಂಡವರು. ಇವತ್ತಿನ ಮಾತು ಆಟೋಮ್ಯಾಟಿಕ್ ಬಗ್ಗೆ ಮಾತ್ರ. ಮ್ಯಾನ್ಯುಯಲ್ ಇಷ್ಟು ಕಾಟ ಕೊಡಲ್ಲ.

ಮೊದಲನೇದಾಗಿ, ನಿಮ್ಮ ಗೇರ್‌ಬಾಕ್ಸ್ ನಿಜವಾಗ್ಲೂ ಹೋಗಿದೆಯಾ? ಆಯಿಲ್ ಕಡಿಮೆಯಾದ್ರೂ ಗೇರ್ ಜಾರುತ್ತೆ. ಒಂದು ಸೊಲೆನಾಯ್ಡ್ (ಒಳಗಿನ ಆಯಿಲ್ ದಾರಿ ತೆರೆದು ಮುಚ್ಚೋ ವಿದ್ಯುತ್ ವಾಲ್ವ್) ಹೋದ್ರೂ, ಕನೆಕ್ಟರ್ ಒಳಗೆ ನೀರು ಸೇರಿದ್ರೂ ಗಾಡಿ ಒಂದೇ ಗೇರಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿ, ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ, ಅಂದ್ರೆ ಪ್ಯಾನ್, ಬಿಚ್ಚಿ ನೋಡಿ. ಅಲ್ಲಿರೋ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಮೆತ್ತಿದ್ರೆ ಅದು ಸಹಜ ಸವೆತ. ಹೊಳೆಯೋ ಲೋಹದ ಚೂರು ಕಂಡ್ರೆ ಮಾತ್ರ ಗುಜರಿ ಕಡೆ ಹೆಜ್ಜೆ ಹಾಕೋ ಯೋಚನೆ ಮಾಡಿ.

ಅಲ್ಲಿ ಹೋದ್ಮೇಲೆ ಗೇರ್‌ಬಾಕ್ಸ್‌ಗಿಂತ ಮುಂಚೆ ಅದು ಇದ್ದ ಗಾಡಿ ನೋಡಿ. ಹಿಂದಿನಿಂದ ಗುದ್ದಿಸಿಕೊಂಡು ಬಂದಿದ್ರೆ ಒಳ್ಳೇದೇ, ಗುದ್ದೋ ಕ್ಷಣದವರೆಗೂ ಅದು ಓಡ್ತಿತ್ತು ಅಂತಾಯ್ತು. ಮೈಮೇಲೆ ಒಂದು ಗೀರೂ ಇಲ್ಲದ ಗಾಡಿ ಕಂಡ್ರೆ ಅನುಮಾನ ಇರಲಿ. ಅಷ್ಟು ಚೆನ್ನಾಗಿರೋದು ಇಲ್ಲಿಗೆ ಯಾಕೆ ಬಂತು? ಎಂಜಿನ್ನೋ ಗೇರ್‌ಬಾಕ್ಸೋ ಕೈ ಕೊಟ್ಟಿರೋ ಸಾಧ್ಯತೆನೇ ಹೆಚ್ಚು. ನೀರಲ್ಲಿ ಮುಳುಗಿದ್ದಂತೂ ಬೇಡವೇ ಬೇಡ. ಬ್ರೀದರ್ (ಗಾಳಿಯಾಡೋ ಕೊಳವೆ) ಮೂಲಕ ನೀರು ಒಳಗಿಳಿದ್ರೆ ಕ್ಲಚ್ ಪ್ಲೇಟಿನ ಲೈನಿಂಗ್ ಅಂಟು ಬಿಡುತ್ತೆ. ಆಯಿಲ್ ತಣ್ಣಗಾಗಿಸೋ ಕೂಲರಿನ ಪೈಪ್ ಸೇರೋ ತೂತು ಮುಚ್ಚದೆ ಬಯಲಲ್ಲಿ ಬಿಸಾಕಿರೋದಕ್ಕೂ ಇದೇ ಮಾತು.

ಮಾಡೆಲ್ಲು, ವರ್ಷ ಒಂದೇ ಇದ್ರೆ ಸಾಲದು, ಗೇರ್‌ಬಾಕ್ಸಿನ ಗುರುತಿನ ಕೋಡೇ ತಾಳೆಯಾಗಬೇಕು. ಹೊರಗಿಂದ ಒಂದೇ ಥರ ಕಾಣೋ ಎರಡರೊಳಗೆ ಫೈನಲ್ ಡ್ರೈವ್ ರೇಷಿಯೋ (ಚಕ್ರಕ್ಕೆ ಹೋಗೋ ಕೊನೇ ಗೇರಿನ ಅನುಪಾತ) ಬೇರೆ ಇರಬಹುದು. ಬೋಲ್ಟ್ ಎಲ್ಲ ಸರಿಯಾಗೇ ಕೂರುತ್ತೆ, ಆದ್ರೆ ಕಂಪ್ಯೂಟರಿನ ಲೆಕ್ಕ ತಪ್ಪಿ ಗಾಡಿ ಲಿಂಪ್ ಮೋಡಿಗೆ (ಇನ್ನಷ್ಟು ಕೆಡದಿರಲಿ ಅಂತ ಒಂದೇ ಗೇರಲ್ಲಿ ಕುಂಟೋ ಸ್ಥಿತಿಗೆ) ಹೋದ್ರೆ ಮತ್ತೆ ಎಲ್ಲ ಬಿಚ್ಚಬೇಕು.

ಈಗ ಅಸಲು ವಿಷಯ, ಟಾರ್ಕ್ ಕನ್ವರ್ಟರ್, ಅಂದ್ರೆ ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ದುಂಡನೆ ಡಬ್ಬಿ. ಇದನ್ನ ಸುಮ್ನೆ ತುರುಕಿದ್ರೆ ಆಗಲ್ಲ. ಸಾಮಾನ್ಯವಾಗಿ ಇನ್‌ಪುಟ್ ಶಾಫ್ಟಿನ ಹಲ್ಲು, ಅದರ ಸುತ್ತ ಇರೋ ತಿರುಗದ ಕೊಳವೆ, ಅಂದ್ರೆ ಸ್ಟೇಟರ್ ಶಾಫ್ಟಿನ ಹಲ್ಲು, ಆಮೇಲೆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಪಂಪಿನ ಕಚ್ಚು, ಮೂರೂ ಹಿಡೀಬೇಕು. ಒಳಗೆ ಒತ್ತುತ್ತಾ ನಿಧಾನಕ್ಕೆ ತಿರುಗಿಸಿದ್ರೆ ಟಕ್ ಅಂತ ಒಂದೊಂದೇ ಹಂತ ಇಳಿಯೋದು ಕೈಗೇ ಗೊತ್ತಾಗುತ್ತೆ. ಎಷ್ಟೋ ಜನ ಎರಡನೇ ಟಕ್‌ಗೇ ಮುಗೀತು ಅಂದ್ಕೊಳ್ತಾರೆ. ಆಗ ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಮುಂದಿನ ಗಂಟೆ ಆಕಾರದ ಕವಚ) ಎಂಜಿನ್‌ಗೆ ಪೂರ್ತಿ ಅಂಟಲ್ಲ, ಸ್ವಲ್ಪ ಸಂದಿ ಉಳಿಯುತ್ತೆ. ಆ ಸಂದಿ ಮುಚ್ಚೋಕೆ ಬೋಲ್ಟ್ ಹಾಕಿ ಸ್ಪ್ಯಾನರಲ್ಲಿ ಎಳೀತಾರೆ ನೋಡಿ, ಅಲ್ಲಿಗೆ ಪಂಪ್ ಹೋಯ್ತು. ಸ್ಟಾರ್ಟ್ ಮಾಡಿದ್ರೆ ಗಾಡಿ ಅಲ್ಲಾಡಲ್ಲ. ಬೈಗುಳ ಮಾತ್ರ ಗುಜರಿಯವನಿಗೆ!

ಅದಕ್ಕೇ ಗೇರ್‌ಬಾಕ್ಸ್ ಎತ್ತೋಕೆ ಮುಂಚೆ ಬೆಲ್ ಹೌಸಿಂಗ್ ಬಾಯಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಕನ್ವರ್ಟರ್ ಎಷ್ಟು ಆಳದಲ್ಲಿದೆ ಅಂತ ಅಳೆದು ಸರ್ವಿಸ್ ಮ್ಯಾನ್ಯುಯಲ್ ಅಂಕಿಗೆ ಹೋಲಿಸಿ. ಎಂಜಿನ್ ಬ್ಲಾಕಿನ ಎರಡೂ ಡೋವೆಲ್ ಪಿನ್ (ಗೇರ್‌ಬಾಕ್ಸನ್ನ ನೇರಕ್ಕೆ ಕೂರಿಸೋ ಗೂಟ) ಜಾಗದಲ್ಲಿವೆಯಾ ನೋಡಿ, ಕೆಲವೊಮ್ಮೆ ಹಳೇ ಗೇರ್‌ಬಾಕ್ಸ್ ಜೊತೆ ಕಿತ್ತುಬಂದಿರುತ್ತವೆ. ಬೆಲ್ ಹೌಸಿಂಗ್ ಕೈಯಲ್ಲಿ ತಳ್ಳಿದ್ರೇ ಅಂಟಬೇಕು. ಅಂಟಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸರಾಗವಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ ಕಡೆ ಕನ್ವರ್ಟರ್ ಬೋಲ್ಟ್ ಆಗೋ ತೆಳು ತಟ್ಟೆ) ಅದಕ್ಕೂ ಮಧ್ಯೆ ಸುಮಾರು 3ರಿಂದ 5 ಮಿಲಿಮೀಟರ್ ಜಾಗ ಇರಬೇಕು. ತಿರುಗದಿದ್ರೆ ಕೆಳಗಿಳಿಸಿ. ಬೇರೆ ದಾರಿ ಇಲ್ಲ.

ಎರಡನೇ ಕೊಲೆಗಾರ ಕೂಲರ್. ಹಳೇ ಗೇರ್‌ಬಾಕ್ಸ್ ಸಾಯೋವಾಗ ಉದುರಿಸಿದ ಲೋಹದ ಪುಡಿ ಕೂಲರ್ ಒಳಗೆ ಕೂತಿರುತ್ತೆ, ಸ್ಟಾರ್ಟ್ ಮಾಡಿದ ತಕ್ಷಣ ಹೊಸದಾಗಿ ಹಾಕಿದ್ದರೊಳಗೆ ವಾಪಸ್ ಬರುತ್ತೆ. ಪೈಪ್ ತೊಳೆಯೋದು ಸುಲಭ. ಕೂಲರ್ ಒಳಗಿನ ಸಣ್ಣ ಸಂದುಗಳಿಂದ ಪುಡಿ ತೆಗೆಯೋದು ಕಷ್ಟ, ಹಾಗಾಗಿ ಬದಲಾಯಿಸೋದೇ ಸರಿ ಅಂತ ನನ್ನ ಅಭಿಪ್ರಾಯ. ಹಳೇ ಆಯಿಲ್ ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತಾ? ಹಾಗಿದ್ರೆ ರೇಡಿಯೇಟರ್ ಒಳಗಿರೋ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ರೇಡಿಯೇಟರ್ ಬದಲಾಯಿಸದೆ ಏನು ಹಾಕಿದ್ರೂ ದಂಡ.

ಕನ್ವರ್ಟರ್ ಹಿಂದಿನ ಫ್ರಂಟ್ ಸೀಲು, ಆಕ್ಸಲ್ ಸೀಲು, ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಎಲ್ಲ ನೆಲದ ಮೇಲಿರುವಾಗಲೇ ಹೊಸದು ಹಾಕಿ. ಫ್ರಂಟ್ ಸೀಲ್ ಆಮೇಲೆ ಸೋರಿದ್ರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಗುಜರಿಯವರು ಕೊಡೋ ಗ್ಯಾರಂಟಿ ಸಾಮಾನ್ಯವಾಗಿ ವಸ್ತುವಿಗೆ ಮಾತ್ರ, ಬಿಚ್ಚಿ ಕೂರಿಸೋ ಕೂಲಿ ನಿಮ್ಮ ತಲೆ ಮೇಲೇ. ಕೂರಿಸುವಾಗ ಅರ್ತ್ ಸ್ಟ್ರಾಪ್ (ಗಾಡಿಯ ಬಾಡಿಗೆ ಜೋಡಿಸೋ ಅರ್ತ್ ವೈರ್) ವಾಪಸ್ ಹಾಕೋದು ಮರೀಬೇಡಿ.

ಕೊನೆಗೆ ಆಯಿಲ್. ಆ ಗೇರ್‌ಬಾಕ್ಸಿಗೆ ಹೇಳಿರೋದೇ ಹಾಕಿ, ಯಾವುದಕ್ಕೂ ಆಗುತ್ತೆ ಅನ್ನೋ ಡಬ್ಬ ಬೇಡ. ಮೊದಲು ಸ್ವಲ್ಪ ತುಂಬಿಸಿ, ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಪ್ರತಿ ಗೇರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ, ಮತ್ತೆ ತುಂಬಿಸಿ. ಡಿಪ್‌ಸ್ಟಿಕ್ ಇಲ್ಲದ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಓಡ್ತಿರುವಾಗಲೇ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಉಷ್ಣತೆಯಲ್ಲಿ ಲೆವೆಲ್ ಪ್ಲಗ್ ತೆಗೆದು ನೋಡಬೇಕು. ಸ್ಕ್ಯಾನರಲ್ಲಿ ಹಳೇ ಅಡಾಪ್ಟೇಶನ್ (ಕಂಪ್ಯೂಟರ್ ಕಲಿತಿಟ್ಟುಕೊಂಡ ಹೊಂದಾಣಿಕೆ) ಅಳಿಸಿ. ಇಲ್ಲದಿದ್ರೆ ಸವೆದ ಹಳೇ ಕ್ಲಚ್‌ಗೆ ಹೊಂದಿಸಿಕೊಂಡಿದ್ದ ಒತ್ತಡದಲ್ಲೇ ಕಂಪ್ಯೂಟರ್ ಇದನ್ನೂ ನಡೆಸುತ್ತೆ, ಪ್ರತಿ ಗೇರೂ ಗುದ್ದಿಕೊಂಡು ಬೀಳುತ್ತೆ.