ಗಿರಾಕಿ ಸ್ಟಾಲಿನ ಒಳಗೇ ಇದ್ದಾರೆ: ಮಾರ್ಕೆಟಿಂಗ್ ಕಂಪನಿಯವರು ಮೇಳಕ್ಕೆ ಹೋಗೋದು ಹೇಗೆ?

[ದೃಶ್ಯ: ಆಫೀಸಿನ ಟೇಬಲ್. ಡ್ರಾಯರ್ ಎಳೆದರೆ ತುಂಬಾ ನೀಲಿ ಪೆನ್ನುಗಳು.]

ನಮಸ್ಕಾರ. ಇವು ಪೆನ್ನು. ಮೇಲೆ ನಮ್ಮ ಕಂಪನಿ ಹೆಸರಿದೆ. ಆರು ವರ್ಷದ ಹಿಂದೆ ಬೆಂಗಳೂರಿನ ಒಂದು ಎಕ್ಸಿಬಿಷನ್‌ನಲ್ಲಿ ಹಂಚೋಣ ಅಂತ ಐನೂರು ಮಾಡಿಸಿದ್ದೆವು. ನಾನೂರು ಹಂಚಿದೆವು. ಉಳಿದ ನೂರು ಇಲ್ಲಿವೆ. ಈಗ ಒಂದೂ ಬರೆಯುವುದಿಲ್ಲ.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಐದು ಜನರ ಮಾರ್ಕೆಟಿಂಗ್ ಕಂಪನಿ. ಲೇಬಲ್, ಬೋರ್ಡು, ಫೋಟೊ, ಸೋಷಿಯಲ್ ಮೀಡಿಯಾ, ಎಲ್ಲಾ ಮಾಡುತ್ತೇವೆ. ನಮ್ಮಂಥ ಸಣ್ಣ ಕಂಪನಿಯವರು ಆಗಾಗ ಕೇಳುತ್ತಾರೆ, "ಟ್ರೇಡ್ ಶೋಗೆ ಹೋಗಬೇಕಾ? ಸ್ಟಾಲ್ ಹಾಕಿದ್ರೆ ಕೆಲಸ ಸಿಗುತ್ತಾ?" ಅಂತ. ನನ್ನ ಉತ್ತರ: ಹೋಗಿ, ಖಂಡಿತ ಹೋಗಿ. ಸ್ಟಾಲ್ ಮಾತ್ರ ಸದ್ಯಕ್ಕೆ ಹಾಕಬೇಡಿ.

ಯಾಕೆ ಅಂತ ಹೇಳುವುದಕ್ಕೆ ಆ ಪೆನ್ನಿನ ಕಥೆಯೇ ಸಾಕು.

[ದೃಶ್ಯ: ಬಿಳಿ ಪ್ಯಾನೆಲ್‌ಗಳ ಖಾಲಿ ಸ್ಟಾಲಿನ ಫೋಟೊ.]

ಎಕ್ಸಿಬಿಷನ್‌ನಲ್ಲಿ ಸಾಮಾನ್ಯವಾಗಿ ಸಿಗುವ ಸಣ್ಣ ಸ್ಟಾಲ್ ಅಂದರೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಒಂಬತ್ತು ಚದರ ಮೀಟರ್. ಮೂರು ಕಡೆ ಬಿಳಿ ಪ್ಯಾನೆಲ್, ಒಂದು ಟೇಬಲ್, ಎರಡು ಕುರ್ಚಿ, ಮೇಲೆ ಒಂದೆರಡು ಲೈಟು, ಒಂದು ಪ್ಲಗ್ ಪಾಯಿಂಟು, ಮುಂದೆ ಮೇಲ್ಗಡೆ ಹೆಸರಿನ ಬೋರ್ಡು. ಇದನ್ನು ಶೆಲ್ ಸ್ಕೀಮ್ ಅನ್ನುತ್ತಾರೆ. ಬರೀ ಜಾಗ ತೆಗೆದುಕೊಂಡು ನೀವೇ ಕಟ್ಟಿಸಿಕೊಂಡರೆ ಅದು ಬೇರ್ ಸ್ಪೇಸ್. ಎರಡು ಕಡೆ ತೆರೆದಿರುವ ಕಾರ್ನರ್ ಸ್ಟಾಲ್‌ಗೆ ಬಾಡಿಗೆ ಜಾಸ್ತಿ. ಬಾಡಿಗೆ ಮೇಲೆ 18% ಜಿಎಸ್‌ಟಿ ಬೇರೆ. ಆಮೇಲೆ ಇನ್ನೊಂದು ಪ್ಲಗ್ ಬೇಕು ಅಂದರೆ ಅದಕ್ಕೆ ದುಡ್ಡು, ಇನ್ನೊಂದು ಕುರ್ಚಿ ಬೇಕು ಅಂದರೆ ಅದಕ್ಕೂ ದುಡ್ಡು.

ನಮ್ಮ ಹೆಸರಿನ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಬೇರೆಯವರ ಹೆಸರು ಸರಿಯಾಗಿ ಬರೆಸಿಕೊಡುವುದೇ ನಮ್ಮ ಕಸುಬು, ನೋಡಿ! ಮೂರು ದಿನ ಅದರ ಕೆಳಗೇ ನಿಂತೆವು. ಟೇಬಲ್ ಮೇಲೆ ಗಾಜಿನ ಬೋಗುಣಿ ಇಟ್ಟು, "ವಿಸಿಟಿಂಗ್ ಕಾರ್ಡ್ ಹಾಕಿ, ಬಹುಮಾನ ಗೆಲ್ಲಿ" ಅಂತ ಬರೆದಿದ್ದೆವು. ಇನ್ನೂರಕ್ಕೂ ಹೆಚ್ಚು ಕಾರ್ಡ್ ಬಿತ್ತು. ಆಫೀಸಿಗೆ ತಂದು ನೆಲದ ಮೇಲೆ ಹರಡಿ ವಿಂಗಡಿಸಿದೆವು. ಇನ್ಶೂರೆನ್ಸ್ ಏಜೆಂಟರ ಕಾರ್ಡು ಒಂದು ಕಂತೆ. ಪ್ರಿಂಟಿಂಗ್ ಪ್ರೆಸ್ಸಿನವರದು ಒಂದು ಕಂತೆ. ನಮ್ಮ ಹಾಗೆಯೇ ಮಾರ್ಕೆಟಿಂಗ್ ಕಂಪನಿ ನಡೆಸುವವರದು ಎಲ್ಲಕ್ಕಿಂತ ದಪ್ಪ ಕಂತೆ. ಬಂದ ಕೆಲಸ? ಸೊನ್ನೆ.

ಮೂರನೇ ದಿನ ಸಂಜೆ ಕಾಲು ನೋಯುತ್ತಿತ್ತು ಅಂತ ಒಂದು ಸುತ್ತು ನಡೆದುಕೊಂಡು ಬಂದೆ. ಆಗ ಹೊಳೆಯಿತು. ನಾನು ಯಾರನ್ನು ಹುಡುಕುತ್ತಿದ್ದೇನೋ ಅವರೆಲ್ಲ ಸ್ಟಾಲುಗಳ ಒಳಗೆ ನಿಂತಿದ್ದಾರೆ. ತಮ್ಮ ಮಾಲು ಜನಕ್ಕೆ ಗೊತ್ತಾಗಲಿ ಅಂತ ದುಡ್ಡು ಕಟ್ಟಿ, ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಬಂದವರು. ಮಾರ್ಕೆಟಿಂಗ್‌ಗೆ ಖರ್ಚು ಮಾಡಬೇಕು ಅಂತ ಆಗಲೇ ತೀರ್ಮಾನ ಮಾಡಿದವರು. ನಾನು ಮಾತ್ರ ಅವರ ಸಾಲಿನಲ್ಲೇ ಒಂದು ಸ್ಟಾಲ್ ಹಿಡಿದು, ಅವರಿಗೆ ಬೆನ್ನು ತಿರುಗಿಸಿ, ಸುಮ್ನೆ ಓಡಾಡುವವರಿಗೆ ಪೆನ್ನು ಹಂಚುತ್ತಿದ್ದೆ.

[ದೃಶ್ಯ: ದೊಡ್ಡಕೆರೆ ಮೈದಾನ, ಸಂಜೆ. ದೀಪಾಲಂಕಾರ.]

ಎಲ್ಲಿಗೆ ಹೋಗಬೇಕು ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಕಣ್ಣೆದುರಿಗೇ ಇದೆ ದಸರಾ ವಸ್ತುಪ್ರದರ್ಶನ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಕಾಲಕ್ಕೆ ತಕ್ಕ ಹೊಸತುಗಳು ಮೈಸೂರಿನ ಜನಕ್ಕೆ ಪರಿಚಯವಾಗಲಿ ಅನ್ನುವುದೇ ಆಗಿನ ಉದ್ದೇಶ. ಈಗ ನಾವು ಡೆಲ್ಲಿ ಹಪ್ಪಳಕ್ಕೆ ಹೋಗುತ್ತೇವೆ, ಅದು ಬೇರೆ ಮಾತು. ಜಂಬೂಸವಾರಿ ಮುಗಿದು ಆನೆಗಳು ಕಾಡಿಗೆ ವಾಪಸ್ ಹೋದ ಮೇಲೂ ವಸ್ತುಪ್ರದರ್ಶನ ವಾರಗಟ್ಟಲೆ ನಡೆಯುತ್ತದೆ. ನಾವು ಹೋಗಬೇಕಾದ್ದು ಆಗ. ದಸರಾದ ದಿನಗಳಲ್ಲಿ ಅಂಗಡಿಯವರಿಗೆ ತಲೆ ಎತ್ತುವುದಕ್ಕೂ ಪುರುಸೊತ್ತಿರುವುದಿಲ್ಲ. ಅದಾದ ಮೇಲೆ ಒಂದು ಮಂಗಳವಾರ ಸಂಜೆ, ಜನ ಸೇರುವುದಕ್ಕೆ ಮುಂಚೆ ಹೋಗಿ ನೋಡಿ. ಕುರ್ಚಿ ಹಾಕಿ ಕೂರಿಸಿ ಮಾತಾಡಿಸುತ್ತಾರೆ.

ಯಂತ್ರದ ಬಿಡಿಭಾಗ ಮಾಡುವ ಗಿರಾಕಿಗಳು ಬೇಕಾದರೆ ದಾರಿ ಬೇರೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗೇಟಿನ ಮುಂದೆ ಹೋಗಿ ನಿಂತರೆ ಸೆಕ್ಯೂರಿಟಿಯವರು ರಿಜಿಸ್ಟರ್‌ನಲ್ಲಿ ಹೆಸರು ಬರೆಸಿಕೊಂಡು ಕಳಿಸಿಬಿಡುತ್ತಾರೆ. ಅದೇ ಮಾಲೀಕರು ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಅನ್ನುವ ಯಂತ್ರೋಪಕರಣಗಳ ಮೇಳ ನಡೆದಾಗ ಎದುರಿಗೇ ಸಿಗುತ್ತಾರೆ, ಮೈಸೂರಿನವರು ಅಂದರೆ ಕಾಫಿ ಕುಡಿಸುತ್ತಾರೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಅದರ ಹತ್ತಿರದ ಮಾದಾವರದವರೆಗೆ ಹೋದ ಮೇಲೆ ಇನ್ನೂ ಸಲೀಸು. ಮೈಸೂರಿನಿಂದ ಬೆಳಗಿನ ರೈಲು, ಮೆಜೆಸ್ಟಿಕ್‌ನಲ್ಲಿ ಮೆಟ್ರೋ, ರಾತ್ರಿ ಊಟಕ್ಕೆ ಮನೆಗೆ.

ಒಂದು ವಿಷಯ ವಿಚಾರಿಸಿಕೊಳ್ಳಿ. ಕೆಲವು ಮೇಳಗಳಲ್ಲಿ ವ್ಯಾಪಾರಸ್ಥರಿಗೆ ಅಂತಲೇ ದಿನಗಳಿರುತ್ತವೆ, ಸಾರ್ವಜನಿಕರಿಗೆ ಬೇರೆ ದಿನ. ದೆಹಲಿಯ ಪ್ರಗತಿ ಮೈದಾನದಲ್ಲಿ ನವೆಂಬರ್ 14ರಿಂದ ನಡೆಯುವ ದೊಡ್ಡ ವ್ಯಾಪಾರ ಮೇಳದಲ್ಲೂ ಹೀಗೇ, ಮೊದಲ ಕೆಲವು ದಿನ ವ್ಯಾಪಾರಸ್ಥರಿಗೆ. ನಮಗೆ ಬೇಕಾದ್ದು ಆ ದಿನಗಳು.

[ದೃಶ್ಯ: ಕಾಲುವೆ ಪಕ್ಕದ ರಸ್ತೆ, ಕಬ್ಬಿನ ಗದ್ದೆ. ಆಮೇಲೆ ಕೃಷಿ ಮೇಳದ ಶಾಮಿಯಾನ.]

ಆದರೆ ನನಗೆ ಇಷ್ಟವಾಗುವುದು ಮಂಡ್ಯದ ವಿ.ಸಿ. ಫಾರಂನ ಕೃಷಿ ಮೇಳ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕೆನಾಲ್ (ಕಾಲುವೆ), ಫಾರಂ ಅಂದರೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ ಒಂದು ಸಲ ನೋಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಬೆಲ್ಲದ ಸ್ಟಾಲು. ಪಾಂಡವಪುರದ ಕಡೆಯವರು, ಸ್ವಂತ ಆಲೆಮನೆ. ವಯಸ್ಸಾದ ಯಜಮಾನರು ಸಣ್ಣ ಚಾಕುವಿನಲ್ಲಿ ಉಂಡೆ ಬೆಲ್ಲವನ್ನು ಸೀಳಿ ಸೀಳಿ ಬಂದವರ ಕೈಗೆ ಕೊಡುತ್ತಿದ್ದರು. ಮುಂದೆ ಒಳ್ಳೇ ಗುಂಪು. ಹತ್ತು ನಿಮಿಷ ನಿಂತು ನೋಡಿದೆ. ಎಲ್ಲರೂ ತಿಂದರು, ಚೆನ್ನಾಗಿದೆ ಅಂದರು, ಕೈ ಒರೆಸಿಕೊಂಡು ಹೋದರು. ಒಬ್ಬರೂ ಚೀಲ ತೆರೆಯಲಿಲ್ಲ.

ಗುಂಪು ಕರಗಿದ ಮೇಲೆ ಮಾತಾಡಿಸಿದೆ. "ವ್ಯಾಪಾರ ಹೇಗಿದೆ ಯಜಮಾನ್ರೇ?"

"ರುಚಿ ನೋಡಕೆ ಎಲ್ರೂ ಬತ್ತಾರೆ ಕಣವ್ವ, ತಗೊಳಕೆ ಒಬ್ರೂ ಬರಕಿಲ್ಲ."

"ಯಾಕೆ?"

"ಕಪ್ಪಗದೆ ಅಂತಾರೆ. ಬೆಳ್ಳಗಿರೋದ್ನೇ ಆರಿಸ್ಕತಾರೆ. ಬೆಳ್ಳಗಾಗಕೆ ಏನ್ ಹಾಕವ್ರೆ ಅಂತ ಯಾರೂ ಕೇಳಕಿಲ್ಲ."

ಬೆಲ್ಲಕ್ಕೆ ತಿಳಿ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರಿದ್ದಾರೆ. ಇವರು ಹಾಕುವುದಿಲ್ಲ. ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಾರಂತೆ, ಹಳೇ ಕ್ರಮ. (ಹಾಲು ಅಂದರೆ ಕಬ್ಬಿನ ಹಾಲು, ಮಂಡ್ಯದವರಿಗೆ ಹೇಳಬೇಕಾಗಿಲ್ಲ.) ಇದೆಲ್ಲ ಅವರು ಬಾಯಿ ಮಾತಲ್ಲಿ ಎಷ್ಟು ಚೆನ್ನಾಗಿ ಹೇಳಿದರು! ಬ್ಯಾನರ್‌ನಲ್ಲಿ ಏನಿತ್ತು? ಇಂಗ್ಲಿಷ್‌ನಲ್ಲಿ ಎರಡು ಪದ, ಸಾವಯವ ಬೆಲ್ಲ ಅಂತ. ಅದೂ ಟೇಬಲ್ಲಿನ ಮುಂದೆ, ಮೊಣಕಾಲಿನ ಎತ್ತರಕ್ಕೆ ಕಟ್ಟಿತ್ತು. ನಾಲ್ಕು ಜನ ಬಂದು ನಿಂತರೆ ಮುಚ್ಚಿಹೋಗುತ್ತಿತ್ತು. ಗುಂಪು ಸೇರಿದಷ್ಟೂ ಬೋರ್ಡು ಕಾಣದು.

ಪಕ್ಕದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಕತ್ತರಿಸಿ, ಹಿಂಬದಿಯಲ್ಲಿ ದಪ್ಪ ಮಾರ್ಕರ್‌ನಿಂದ ಬರೆದೆ: "ಈ ಬೆಲ್ಲ ಯಾಕೆ ಕಪ್ಪು? ಕೇಳಿ." ಅಷ್ಟೇ. ತಲೆಗಿಂತ ಮೇಲೆ ಬರುವ ಹಾಗೆ ಶಾಮಿಯಾನದ ಪೈಪಿಗೆ ಸುತ್ತಲಿ ದಾರದಲ್ಲಿ ಕಟ್ಟಿದೆವು. ಇಡೀ ಬೆಲ್ಲ ಖಾಲಿಯಾಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಜನ ನಿಂತು ಕೇಳುವುದಕ್ಕೆ ಶುರು ಮಾಡಿದರು. ಕೇಳಿದವರಲ್ಲಿ ಸುಮಾರು ಜನ ಒಂದೊಂದು ಕೆಜಿ ತೆಗೆದುಕೊಂಡು ಹೋದರು. ಯಜಮಾನರು ಹೇಳಿದ್ದನ್ನೇ ಹೇಳಿ ಹೇಳಿ ಗಂಟಲು ಕಟ್ಟಿಕೊಂಡರು.

ನಾನು ವಿಸಿಟಿಂಗ್ ಕಾರ್ಡ್ ಕೊಡಲಿಲ್ಲ. ಅವರ ನಂಬರ್ ಕೇಳಿ ತೆಗೆದುಕೊಂಡೆ. ಹೊರಡುವ ಮುಂಚೆ, ಜನ ತುಂಬಿದ್ದಾಗ, ದೂರದಿಂದ ಸ್ಟಾಲಿನ ಒಂದು ಫೋಟೊ ತೆಗೆದುಕೊಳ್ಳಲಾ ಅಂತ ಕೇಳಿದೆ.

[ದೃಶ್ಯ: ಮೊಬೈಲ್‌ನಲ್ಲಿ ಆ ಫೋಟೊ. ಜನರ ಮುಖ ಮಸುಕು ಮಾಡಿದೆ.]

ಈ ಫೋಟೊ ಇದೆಯಲ್ಲ, ಇದಕ್ಕೆ ನಮ್ಮ ಐನೂರು ಪೆನ್ನೂ ಸಮ ಇಲ್ಲ. ಮೇಳಕ್ಕೆ ಬಂದ ವ್ಯಾಪಾರಿಗಳ ಹತ್ತಿರ ತಮ್ಮ ಸ್ಟಾಲು ತುಂಬಿ ತುಳುಕುವ ಫೋಟೊ ಇರುವುದು ಅಪರೂಪ. ಜನ ತುಂಬಿದಾಗ ಅವರು ಒಳಗೆ ಬೆವರು ಸುರಿಸುತ್ತಿರುತ್ತಾರೆ, ಹೊರಗೆ ಬಂದು ಫೋಟೊ ತೆಗೆಯುವವರು ಯಾರು? ಅವರು ಸೆಲ್ಫಿ ತೆಗೆದುಕೊಂಡಿದ್ದರೆ ಅದು ಬೆಳಿಗ್ಗೆ ಖಾಲಿ ಸ್ಟಾಲಿನ ಮುಂದೆ. ಹಾಗಾಗಿ ನೀವು ಕಳಿಸುವ ಫೋಟೊ ನೆಂಟರ ಗ್ರೂಪಿಗೆಲ್ಲ ಹೋಗುತ್ತದೆ.

ಯಾವಾಗ ಕಳಿಸಬೇಕು? ಎಲ್ಲರೂ ಮರುದಿನವೇ ಫೋನ್ ಮಾಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮರುದಿನ ಅವರು ಟೆಂಪೋ ಇಳಿಸುತ್ತಿರುತ್ತಾರೆ, ಇಲ್ಲ ಮಲಗಿರುತ್ತಾರೆ. ಭಾನುವಾರ ಮೇಳ ಮುಗಿದರೆ ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಫೋಟೊ, ಜೊತೆಗೆ ಎರಡು ಸಾಲು. ರೇಟ್ ಕಾರ್ಡ್ ಬೇಡ. ಮತ್ತೆ, ದಯವಿಟ್ಟು, ನಂಬರ್ ಸಿಕ್ಕಿತು ಅಂತ ಕೇಳದೆ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಸೇರಿಸಿ ದಿನಾ ಗುಡ್ ಮಾರ್ನಿಂಗ್ ಕಳಿಸಬೇಡಿ.

ಸ್ಟಾಲಿನ ಮುಂದೆ ನಿಂತಾಗಲೂ ಒಂದು ಮರ್ಯಾದೆ ಇದೆ. ಆ ಜಾಗಕ್ಕೆ ಬಾಡಿಗೆ ಕೊಟ್ಟವರು ಅವರು. ನೀವು ಮಾತಾಡುತ್ತಿರುವಾಗ ಗಿರಾಕಿ ಬಂದರೆ ತಕ್ಷಣ ಪಕ್ಕಕ್ಕೆ ಸರಿಯಿರಿ. ಸಾಧ್ಯವಾದರೆ ಏನಾದರೂ ಕೊಂಡುಕೊಳ್ಳಿ. ನಮ್ಮ ಮನೆಯಲ್ಲಿ ಈಗ ರಾಗಿ ಮಾಲ್ಟ್ ಏಳು ಥರ ಇದೆ, ಇರಲಿ. ಇನ್ನೊಂದು, ಅವರ ಬೋರ್ಡು ಚೆನ್ನಾಗಿಲ್ಲ ಅಂತ ಮೊದಲ ಮಾತಿಗೇ ಹೇಳಬೇಡಿ. ಅದನ್ನು ಮಾಡಿಕೊಟ್ಟದ್ದು ಅವರ ಮಗನೇ ಇರಬಹುದು. ನನಗೆ ಆಗಿದೆ. ಮಗ ಪಕ್ಕದಲ್ಲೇ ನಿಂತಿದ್ದ.

[ದೃಶ್ಯ: ಬಡಾವಣೆಯ ಪಾರ್ಕು, ಪೆಂಡಾಲು, ಕೈಬರಹದ ಬಾಣದ ಬೋರ್ಡುಗಳು.]

ಇನ್ನು ಊರಿನ ಕಾರ್ಯಕ್ರಮಗಳು. ಗಣೇಶೋತ್ಸವ, ರಾಜ್ಯೋತ್ಸವ, ಸುತ್ತೂರು ಜಾತ್ರೆಯಂಥ ದೊಡ್ಡ ಜಾತ್ರೆ. ಸ್ಪಾನ್ಸರ್ ಮಾಡಿ ಅಂತ ರಸೀದಿ ಪುಸ್ತಕ ಹಿಡಿದು ಬರುತ್ತಾರೆ, ನಾವು ದುಡ್ಡು ಕೊಡುತ್ತೇವೆ, ಬ್ಯಾನರ್‌ನಲ್ಲಿ ಮೂವತ್ತು ಹೆಸರುಗಳ ಮಧ್ಯೆ ನಮ್ಮದೂ ಒಂದು. ಯಾರು ಓದುತ್ತಾರೆ? ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಬಟ್ಟೆಯಲ್ಲಿ ಮಾಡಿಸಿ.

ಒಂದು ವರ್ಷ ನಮ್ಮ ಬಡಾವಣೆಯ ಗಣಪತಿ ಕೂರಿಸಿದಾಗ ನಾವು ದುಡ್ಡಿನ ಬದಲು ಬೋರ್ಡು ಬರೆದುಕೊಡುತ್ತೇವೆ ಅಂದೆವು. ಚಪ್ಪಲಿ ಇಲ್ಲಿ ಬಿಡಿ. ಪ್ರಸಾದದ ಸಾಲು ಈ ಕಡೆ. ವಯಸ್ಸಾದವರು ಇಲ್ಲಿ ಕೂರಬಹುದು. ಶೌಚಾಲಯ ಎಡಕ್ಕೆ. ಹನ್ನೆರಡು ಬೋರ್ಡು, ದೊಡ್ಡ ದೊಡ್ಡ ಅಕ್ಷರ, ಮೂಲೆಯಲ್ಲಿ ಸಣ್ಣದಾಗಿ ನಮ್ಮ ಹೆಸರು. ಆ ಸಲ ಸಾಲಿನಲ್ಲಿ ಜಗಳ ಆಗಲಿಲ್ಲ. ಪ್ರಸಾದ ತಿನ್ನುತ್ತಾ ಒಬ್ಬರು ಕಮಿಟಿಯವರನ್ನು ಕೇಳಿದರಂತೆ, ಈ ಬೋರ್ಡು ಬರೆದವರು ಯಾರು ಅಂತ. ಅವರದು ಒಂದು ನರ್ಸಿಂಗ್ ಹೋಂ. ರೋಗಿಗಳಿಗೆ ಎಕ್ಸ್-ರೇ ಕೋಣೆ ಎಲ್ಲಿ ಅಂತ ಹೇಳಿ ಹೇಳಿ ಅವರ ಸಿಬ್ಬಂದಿಗೆ ಸಾಕಾಗಿತ್ತು. ಅಲ್ಲಿಂದ ನಮಗೆ ಎರಡು ತಿಂಗಳ ಕೆಲಸ ಬಂತು.

ಹಾಗಾದರೆ ಸ್ಟಾಲ್ ಹಾಕಲೇಬಾರದಾ? ಹಾಕಬಹುದು. ಒಂದೇ ಮೇಳಕ್ಕೆ ಎರಡು ವರ್ಷ ಸ್ಟಾಲ್ ಇಲ್ಲದೆ ಹೋಗಿ ಬಂದು, ಅಲ್ಲಿನ ಹತ್ತು ಸ್ಟಾಲಿನವರು ನಿಮ್ಮನ್ನು ಹೆಸರು ಹಿಡಿದು ಕರೆಯುವ ಹಾಗಾದ ಮೇಲೆ. ಆಗಲೂ ಟೇಬಲ್ಲನ್ನು ಹಿಂದಕ್ಕೆ ತಳ್ಳಿ, ಜನ ಒಳಗೆ ಬರಲಿ. ಟೇಬಲ್ ಮುಂದಿದ್ದರೆ ಅದು ಬ್ಯಾಂಕ್ ಕೌಂಟರ್ ಆಗುತ್ತದೆ. ಕುರ್ಚಿ ಬಂದವರಿಗೆ, ನಮಗಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಿ, ಅಂಥ ಉದ್ದಿಮೆಗಳಿಗೆ ಮೇಳದ ಸ್ಟಾಲ್ ಬಾಡಿಗೆಯಲ್ಲಿ ಒಂದು ಪಾಲು ವಾಪಸ್ ಕೊಡುವ ಕೇಂದ್ರ ಸರ್ಕಾರದ ಯೋಜನೆ ಇದೆ. ಬಿಲ್ಲು, ಫೋಟೊ ಎಲ್ಲಾ ಜೋಪಾನವಾಗಿಡಿ.

[ದೃಶ್ಯ: ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ.]

ಬೆಲ್ಲದ ಯಜಮಾನರ ಕಥೆ ಅರ್ಧಕ್ಕೇ ಬಿಟ್ಟೆ, ಅಲ್ವಾ? ಆ ಬುಧವಾರ ಫೋಟೊ ಕಳಿಸಿದೆ. ಸಂಜೆ ಅವರ ಸೊಸೆ ಫೋನ್ ಮಾಡಿದರು. ಅರ್ಧ ಕೆಜಿ ಪ್ಯಾಕ್ ಮಾಡಬೇಕು ಅಂತಿದ್ದರು, ಲೇಬಲ್ ಬೇಕಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್, ತೂಕ, ದಿನಾಂಕ, ಬೆಲೆ ಎಲ್ಲಾ ಹಾಕಿ ಲೇಬಲ್ ಮಾಡಿಕೊಟ್ಟೆವು. ಲೋಗೋ ಅಂತ ನಾವು ಕಷ್ಟಪಟ್ಟು ಬರೆದ ಗಾಣದ ಚಿತ್ರ ಯಜಮಾನರಿಗೆ ಹಿಡಿಸಲಿಲ್ಲ. "ಇದು ಗಾಣ ಅಲ್ಲ ಕಣವ್ವ, ಮಿಕ್ಸಿ ಇದ್ದಂಗದೆ" ಅಂದರು. ಅದನ್ನು ಕೈಬಿಟ್ಟೆವು. "ಈ ಬೆಲ್ಲ ಯಾಕೆ ಕಪ್ಪು?" ಅನ್ನುವ ಸಾಲು ಪ್ಯಾಕೆಟ್ಟಿನ ಮೇಲೆ ಹಾಗೇ ಉಳಿಯಿತು.

ಈಗ ಹೊರಟಿದ್ದೂ ಅಲ್ಲಿಗೇ. ಆಲೆಮನೆಯ ಫೋಟೊ ತೆಗೆಯುವುದಿದೆ, ಒಲೆ ಹಚ್ಚುವ ಮುಂಚೆ ಬಂದುಬಿಡಿ ಅಂದಿದ್ದಾರೆ.