ಬಿದ್ದ ಮಳೆಗೆ ಲೆಕ್ಕವಿದೆ, ಮೇಲೇರಿದ ನೀರಿಗೆ?

[ದೃಶ್ಯ: ತೋಟದ ಮನೆಯ ಅಂಗಳ, ಮಳೆ ಮಾಪಕ, ಅಂಚು ಮಡಚಿದ ಹಳೆಯ ನೋಟ್‌ಬುಕ್]

ಕೊಡಗಿನ ಬೆಳೆಗಾರರು ಬೆಳಿಗ್ಗೆ ಎದ್ದವರೇ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಆ ಶಿಸ್ತಿನ ಮೇಲೆ ನನಗೆ ಬಹಳ ಗೌರವ. ಆದರೆ ಎದುರಿನ ಗುಡ್ಡದ ಕಾಡು ಆ ಮಳೆಯಲ್ಲಿ ಎಷ್ಟನ್ನು ಆಕಾಶಕ್ಕೆ ಮರಳಿಸಿತು?

ನೀರು ಎರಡು ದಾರಿಯಲ್ಲಿ ಮೇಲೇರುತ್ತದೆ. ಒದ್ದೆ ಎಲೆ ಮತ್ತು ಮಣ್ಣಿನಿಂದ ನೇರವಾಗಿ ಆರಿಹೋಗುವುದು ಒಂದು. ಬೇರು ಹೀರಿದ್ದು ಪತ್ರರಂಧ್ರಗಳಿಂದ ಹೊರಬೀಳುವುದು ಇನ್ನೊಂದು. ಬಿಸಿಲಿನ ದಿನ ಉಷ್ಣವಲಯದ ಮಳೆಕಾಡು ಒಟ್ಟು 4 ಮಿಲಿಮೀಟರ್ ನೀರು ಬಿಟ್ಟರೆ, ಎಕರೆಗೆ 16,000 ಲೀಟರ್ ಆಯಿತು!

[ದೃಶ್ಯ: ಮಂಜು ಮುಸುಕಿದ ಬ್ರಹ್ಮಗಿರಿ]

ಆಷಾಢದ ಈ ಮಂಜನ್ನು ಕಂಡು ಕಾಡು ಈಗಲೇ ಹೆಚ್ಚು ಆವಿ ಬಿಡುತ್ತಿದೆ ಎಂದುಕೊಳ್ಳಬೇಡಿ. ಮಂಜು ಎಂದರೆ ಸಣ್ಣ ಹನಿಗಳು. ಆವಿ ಕಣ್ಣಿಗೆ ಕಾಣುವುದಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಒಂದು ಕಿಲೋವ್ಯಾಟ್ ಹೀಟರ್ ಸುಮಾರು 40 ನಿಮಿಷ ಉರಿಯುವಷ್ಟು ಶಾಖ ಬೇಕು. ಮೋಡ ಕವಿದ ಜುಲೈಯಲ್ಲಿ ಅಷ್ಟು ಬಿಸಿಲೆಲ್ಲಿ? ಗಾಳಿಯೂ ತೇವದಿಂದ ತುಂಬಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಮಾರ್ಚ್‌ನಲ್ಲಿ, ಬೇರು ಆಳಕ್ಕಿಳಿದ ಮರಗಳು ಹೆಚ್ಚು ನೀರೆತ್ತಬಲ್ಲವು.

[ದೃಶ್ಯ: ಕಾಂಡದಲ್ಲಿ ಎರಡು ಸೂಜಿಗಳು, ಹತ್ತಿರದಿಂದ]

ಮರ ಹೀರಿದ್ದನ್ನು ಅಳೆಯುವ ಈ ಉಪಾಯವನ್ನು 1985ರಲ್ಲಿ ಫ್ರಾನ್ಸಿನ ವಿಜ್ಞಾನಿ ಗ್ರಾನಿಯೆ ರೂಪಿಸಿದರು. ಮೇಲಿನ ಸೂಜಿಗೆ ಸದಾ ಶಾಖ ಕೊಡುತ್ತಾರೆ. ಏರುವ ರಸ ಆ ಶಾಖವನ್ನು ಹೊತ್ತೊಯ್ಯುತ್ತದೆ. ಎರಡು ಸೂಜಿಗಳ ಉಷ್ಣತೆಯ ಅಂತರ ಕಡಿಮೆಯಾದಷ್ಟೂ ಹರಿವು ಜೋರು ಎಂದರ್ಥ.

ಇಡೀ ಕಾಡಿಗಾದರೆ ಮರಗಳ ತಲೆಗಿಂತ ಎತ್ತರದ ಗೋಪುರ ಬೇಕು. ಅಲ್ಲಿನ ಉಪಕರಣಗಳು ಗಾಳಿಯ ಏರಿಳಿತವನ್ನೂ ಅದರಲ್ಲಿನ ಆವಿಯನ್ನೂ ಸೆಕೆಂಡಿಗೆ 10–20 ಬಾರಿ ಅಳೆಯುತ್ತವೆ. ಸಮತಟ್ಟು ನೆಲಕ್ಕೆ ಇದು ಹೇಳಿಮಾಡಿಸಿದ್ದು. ನಮ್ಮ ಇಳಿಜಾರುಗಳಲ್ಲಿ ರಾತ್ರಿ ತಂಪುಗಾಳಿ ಕಣಿವೆಗೆ ಜಾರಿ ಲೆಕ್ಕ ತಪ್ಪಿಸುತ್ತದೆ. ಮಳೆಗೆ ಆವಿ ಅಳೆಯುವ ಉಪಕರಣದ ಮಸೂರ ಒದ್ದೆಯಾದರೆ ಅಳತೆಯೇ ಕೈತಪ್ಪುತ್ತದೆ.

ಅದಕ್ಕೇ ಸೂತ್ರಗಳು. ಬ್ರಿಟಿಷ್ ವಿಜ್ಞಾನಿ ಪೆನ್‌ಮನ್ 1948ರಲ್ಲಿ ಬಿಸಿಲು, ಗಾಳಿ, ತೇವಾಂಶಗಳನ್ನು ಒಂದೇ ಸಮೀಕರಣಕ್ಕೆ ತಂದರು. 1965ರಲ್ಲಿ ಮಾಂಟೀತ್ ಎಲೆಯ ತಡೆಯನ್ನು, ಅಂದರೆ ಆವಿ ಹೊರಬೀಳಲು ಪತ್ರರಂಧ್ರಗಳು ಒಡ್ಡುವ ತಡೆಯನ್ನು, ಸೇರಿಸಿದರು. ಎಲೆಯ ಮೇಲೆಯೇ ನೀರು ನಿಂತಾಗ ಆ ತಡೆ ಇಲ್ಲವಾಗುತ್ತದೆ. ಹಾಗಾಗಿ ಎಲೆಗಳು ಹಿಡಿದಿಟ್ಟ ಮಳೆಗೆ ಬೇರೆ ಲೆಕ್ಕವಿಡದ ಮಾದರಿ ಕೊಡಗಿನ ಕಾಡಿಗೆ ಒದಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರ 12 ಸೆಂಟಿಮೀಟರ್ ಎತ್ತರದ ಹುಲ್ಲಿಗೆ ಬರೆದದ್ದು. ಅದರ ಉತ್ತರವನ್ನೇ ಕಾಡಿನ ಉತ್ತರವೆಂದು ಒಪ್ಪಲು ನನ್ನಿಂದಾಗದು.

[ದೃಶ್ಯ: ಕಾಫಿ ಗಿಡದ ರೆಂಬೆ, ಪಾರದರ್ಶಕ ಪ್ಲಾಸ್ಟಿಕ್ ಚೀಲ]

ಮಾರ್ಚ್‌ನ ಒಂದು ಬೆಳಿಗ್ಗೆ ರೆಂಬೆಗೆ ಹೀಗೆ ಚೀಲ ಕಟ್ಟಿ, ಮಧ್ಯಾಹ್ನ ಬಿಚ್ಚಿ. ಒಳಗೆ ಕೂಡಿದ ನೀರನ್ನು ಅಳೆದು, ಮಳೆಯ ನೋಟ್‌ಬುಕ್ಕಿನಲ್ಲೇ ಪಕ್ಕಕ್ಕೊಂದು ಗೆರೆ ಎಳೆದು ಬರೆದಿಡಿ.