ನ್ಯೂಟ್ರಲ್ ಬೇರೆ, ಅರ್ಥಿಂಗ್ ಬೇರೆ

ಸಭಿಕರಿಗೆ ನಮಸ್ಕಾರ.

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಹೆಂಚಿನ ಮನೆಯೊಂದರಲ್ಲಿ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಗೀಸರ್ ಮೇಲೆ ಅನುಮಾನಪಟ್ಟು ಅದನ್ನು ಕಳಚಿಟ್ಟರೂ ಜುಮ್ಮೆನ್ನುವುದು ನಿಲ್ಲಲಿಲ್ಲ. ನಾನು ತಂತಿಯ ಜಾಡು ಹಿಡಿದು ಹೋದಾಗ ತಪ್ಪು ಸಿಕ್ಕಿದ್ದು ಕಾಫಿ ಕಣದ ದೀಪದಲ್ಲಿ. ಎಂದೋ ಅಲ್ಲಿಯ ನ್ಯೂಟ್ರಲ್ ತುಂಡಾಗಿದ್ದಾಗ ಯಾರೋ ಹೋಲ್ಡರಿನ ಆ ತುದಿಯನ್ನು ಅರ್ಥಿಂಗ್ ತಂತಿಗೆ ಸುತ್ತಿ ದೀಪ ಉರಿಸಿದ್ದರು. ಮುಂದೆ ಅರ್ಥಿಂಗ್ ಗುಂಡಿಯ ಕ್ಲಾಂಪ್ ತುಕ್ಕು ತಿಂದು ಸಡಿಲವಾದಾಗ, ದೀಪದ ಮೂಲಕ ಬಂದ ಕರೆಂಟು ನೆಲಕ್ಕೆ ಇಳಿಯಲಾರದೆ, ಅದೇ ಅರ್ಥಿಂಗ್ ತಂತಿಯ ಮೂಲಕ ನೀರಿನ ಮೋಟರಿನ ಮೈಗೂ, ಅಲ್ಲಿಂದ ಕಬ್ಬಿಣದ ಪೈಪಿಗೂ, ಕೊನೆಗೆ ನಲ್ಲಿಗೂ ಹರಡಿತ್ತು. ಮಂಕಾಗಿ ಉರಿಯುತ್ತಿದ್ದ ದೀಪವೇ ಇದನ್ನು ಹೇಳುತ್ತಿತ್ತು, ಯಾರೂ ಗಮನಿಸಿರಲಿಲ್ಲ.

ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ಆದ್ದರಿಂದ ಸರಿಯಿರುವ ಮನೆಯಲ್ಲಿ ನ್ಯೂಟ್ರಲ್, ಅರ್ಥಿಂಗ್ ಎರಡು ತಂತಿಗಳಲ್ಲೂ ಟೆಸ್ಟರ್ ಉರಿಯುವುದಿಲ್ಲ, ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ನ್ಯೂಟ್ರಲ್, ಫೇಸ್ ತಂತಿ ತಂದ ಕರೆಂಟನ್ನು ದಿನವಿಡೀ ಹಿಂದಕ್ಕೆ ಒಯ್ಯುವ ತಂತಿ. ಅರ್ಥಿಂಗ್ ಆದರೋ ಕರೆಂಟು ಸೋರಿದಾಗ ಮಾತ್ರ ಕೆಲಸಕ್ಕೆ ಬರಬೇಕಾದದ್ದು.

ಪ್ಲಗ್ಗಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿದರೆ ಎರಡು ಫೇಸ್ ಬಂದಿದೆ ಎಂದು ಗಾಬರಿಯಾಗುವವರಿದ್ದಾರೆ. ಬಹುಪಾಲು ಅದು ಹಿಂದೆಲ್ಲೋ ನ್ಯೂಟ್ರಲ್ ಕಡಿದಿರುವ ಲಕ್ಷಣ: ಹಾಕಿಟ್ಟ ಬಲ್ಬಿನ ಮೂಲಕ ಹಾದ ಫೇಸ್ ಹಿಂದಿರುಗಲು ದಾರಿಯಿಲ್ಲದೆ ಅಲ್ಲಿ ನಿಂತಿರುತ್ತದೆ. ಮೂರು ಫೇಸ್ ಸಂಪರ್ಕದ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಕಡಿದರೆ ಅಪಾಯ ಇನ್ನೂ ದೊಡ್ಡದು. 230 ವೋಲ್ಟ್ ಇರಬೇಕಾದಲ್ಲಿ ಕೆಲವು ಕೋಣೆಗಳಿಗೆ 400ರ ಹತ್ತಿರದವರೆಗೂ ಏರಬಹುದು, ಬೇರೆ ಕೋಣೆಗಳಲ್ಲಿ ಬಲ್ಬು ಕೆಂಪಗೆ ಮಿಣುಕುತ್ತದೆ. ಹಾಗೆ ಕಂಡ ಕೂಡಲೇ ಮೇನ್ ಸ್ವಿಚ್ ಇಳಿಸಿ, ಲೈನ್‌ಮ್ಯಾನ್‌ಗೆ ತಿಳಿಸಿ.

ಅರ್ಥಿಂಗ್ ಪರೀಕ್ಷೆಗೆ ಮಲ್ಟಿಮೀಟರ್ ಒಂದೇ ಸಾಲದು. ಫೇಸ್ ಮತ್ತು ಅರ್ಥಿಂಗ್ ನಡುವೆ ಅದು 230 ತೋರಿಸಿದರೂ ಗುಂಡಿ ಸತ್ತಿರಬಹುದು, ಏಕೆಂದರೆ ಮೀಟರ್ ಎಳೆಯುವ ಕರೆಂಟು ಅತ್ಯಲ್ಪ. ಗುಂಡಿಯ ರೋಧವನ್ನು ಅರ್ಥ್ ಟೆಸ್ಟರಿನಿಂದಲೇ ಅಳೆಯಿಸಬೇಕು, ಅದೂ ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಲ್ಲ, ನೆಲ ಒಣಗಿರುವ ಮಾರ್ಚ್‌ನಲ್ಲಿ. ಆಗ 10 ಓಮ್ ಬಂದರೆ ಸೋರುವ ಕರೆಂಟು ಹೆಚ್ಚೆಂದರೆ 23 ಆಂಪಿಯರ್. ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ 32 ಆಂಪಿಯರಿನದಾದರೆ ಅದಕ್ಕೆ ಬೀಳುವುದೇ ಇಲ್ಲ. ಜೀವ ಉಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಸ್ವಲ್ಪ ಕರೆಂಟು ಸೋರಿದರೂ ತಾನೇ ಬೀಳುವ ಸ್ವಿಚ್. ಅದು ಪದೇ ಪದೇ ಬೀಳುತ್ತದೆಂದು ಬೇಸತ್ತು ತಪ್ಪಿಸಿ ನೇರ ಸಂಪರ್ಕ ಕೊಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಲ್ಲ ಎಂಸಿಬಿಗಳನ್ನು ಇಳಿಸಿದರೂ ಆರ್‌ಸಿಸಿಬಿ ಏರಿಸಿದಲ್ಲಿ ನಿಲ್ಲದೆ ಬೀಳುತ್ತಿದ್ದರೆ, ಎಲ್ಲೋ ನ್ಯೂಟ್ರಲ್ ಅರ್ಥಿಂಗನ್ನು ಮುಟ್ಟುತ್ತಿರಬಹುದು. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲನ್ನಲ್ಲ. ಎಲೆಕ್ಟ್ರಿಷಿಯನ್ ಮೇನ್ ಇಳಿಸಿ, ಇನ್ವರ್ಟರನ್ನೂ ಬಂದ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ತಂತಿ ಬಿಡಿಸಿ, ಪ್ರತಿ ಸಲವೂ ಮುಚ್ಚಳ ಹಾಕಿ ಮೇನ್ ಏರಿಸಿ ನೋಡಲಿ. ಯಾವ ತಂತಿ ಬಿಡಿಸಿದಾಗ ಆರ್‌ಸಿಸಿಬಿ ಬೀಳದೆ ನಿಲ್ಲುತ್ತದೆಯೋ, ಆ ಸರ್ಕ್ಯೂಟಿನ ಜಂಕ್ಷನ್ ಬಾಕ್ಸುಗಳನ್ನು ತೆರೆದು ನೋಡಬೇಕು. ಆಲ್ದೂರಿನ ಮನೆಯಲ್ಲಿ ಕಣದ ದೀಪಕ್ಕೆ ಹೊಸ ನ್ಯೂಟ್ರಲ್ ಎಳೆದು, ಕ್ಲಾಂಪ್ ಬದಲಾಯಿಸಿ, ಆರ್‌ಸಿಸಿಬಿ ಕೂರಿಸಿದ ಮೇಲೆಯೇ ನಾವು ಗೀಸರನ್ನು ಮತ್ತೆ ಗೋಡೆಗೆ ಹಾಕಿದೆವು.